ಏಳನೆಯ ದಿನ ಯಾವುದೆಂದು ತಿಳಿಸಲು ಕೋರಿಕೆ

ಮಾನವ ಹಕ್ಕು ಮತ್ತು ಸುಧಾರಣಾ ಸಮಿತಿಯ ಅಧ್ಯಕ್ಷರೂ, ಮೊನ್ನೆ ಮೊನ್ನೆಯವರೆಗೆ ನಮ್ಮ ಊರಿನ ಕರ್ನಲ್ ಸಾಹೇಬರೂ ಆಗಿದ್ದ ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಹೊಸ ರೇಷ್ಮೆ ಲುಂಗಿ ಮತ್ತು ಅಷ್ಟೇ ಹೊಸದಾದ ನಮ್ಮ ಪ್ರಜಾಪ್ರಭುತ್ವ, ಈ ಮೂರೂ ಕ್ಷೇಮವೆಂದು ನಂಬಿ ಮಾಂಡಲೆಯ ವಿಧವೆಯೊಬ್ಬಳು ಕೈಮುಗಿಯುತ್ತಾಳೆ. ಸಮವಸ್ತ್ರ ಕಳಚಿದ ಮಾತ್ರಕ್ಕೆ ಮನುಷ್ಯ ಇಷ್ಟು ಚೆನ್ನಾಗಿ ನಗಲು ಕಲಿಯಬಲ್ಲನೆಂಬುದು ತಮ್ಮನ್ನು ಮೊದಲಿನಿಂದ ಬಲ್ಲ ನಮಗೆಲ್ಲ ದೊಡ್ಡ ಸಮಾಧಾನ.

ವಿದ್ಯಾರ್ಥಿಗಳು ಬೀದಿಗಿಳಿದ ವರ್ಷ ತಮ್ಮ ಸೈನಿಕರು ನನ್ನ ಮಗ ತಾನ್ ಲ್ವಿನ್‌ನನ್ನು ಚಹಾದಂಗಡಿಯಿಂದ ಕರೆದೊಯ್ದರು. ಅವನ ಲೋಟದಲ್ಲಿ ಅರ್ಧ ಚಹಾ ಉಳಿದಿತ್ತಂತೆ. ಬಹಳ ಕಾಲದ ಮೇಲೆ, ಅವನು ತೀರಿಕೊಂಡಿದ್ದಾನೆಂದು ಜೈಲಿನಿಂದ ಬಾಯಿಮಾತಿನಲ್ಲಿ ಹೇಳಿಕಳುಹಿಸಿದರು. ದೇಹವಿಲ್ಲ, ದಿನವಿಲ್ಲ.

ಸತ್ತವರ ಜೀವ ಏಳು ದಿನ ಮನೆಯಲ್ಲೇ ಸುಳಿದಾಡುತ್ತದೆ, ಅದಕ್ಕಾಗಿ ಬಾಗಿಲು ತೆರೆದಿಟ್ಟು ನೀರಿಡಬೇಕು, ಏಳನೆಯ ದಿನ ಭಿಕ್ಷುಗಳಿಗೆ ಊಟ ಬಡಿಸಿ 'ಇನ್ನು ಹೋಗಿ ಬಾ' ಎಂದು ಬೀಳ್ಕೊಡಬೇಕು ಎಂಬ ನಮ್ಮ ಪದ್ಧತಿ ತಮ್ಮ ಮನೆಯಲ್ಲೂ ಇದೆ. ಮೊದಲನೆಯ ದಿನವೇ ಗೊತ್ತಿಲ್ಲದ ನಾನು ಏಳನೆಯದನ್ನು ಎಲ್ಲಿಂದ ಎಣಿಸಲಿ? ಬೆಳಗಾದರೆ ನೀರು ಬದಲಿಸುತ್ತೇನೆ, ಅಷ್ಟೇ.

ನೆರೆಮನೆಯ ಸಾನ್ ಯೀಗೆ ನನ್ನ ಮೇಲೆ ಸಿಟ್ಟು. "ಅಯ್ಯೋ ಅಕ್ಕಾ, ಯಾವ್ದೋ ಒಂದು ದಿನ ಹಿಡ್ಕೊಂಡು ಊಟ ಹಾಕ್ಸಿ ಮುಗಿಸ್ಬಾರ್ದಾ?" ಎನ್ನುತ್ತಾಳೆ. "ಅವ್ರು ಹೇಳಿದ್ದು ಸುಳ್ಳಾಗಿದ್ರೆ? ಬದುಕಿರೋ ಮಗನ್ನ ನಾನೇ ಮನೆಯಿಂದ ಆಚೆ ಕಳಿಸ್ದಂಗಾಗಲ್ವೇನೇ?" ಎಂದರೆ ಆ ದಿನದ ನೀರನ್ನು ತಾನೇ ತುಂಬಿಸಿಟ್ಟು ಹೋಗುತ್ತಾಳೆ.

ತಮ್ಮ ಕಚೇರಿಯ ಗುಮಾಸ್ತರ ಸೌಜನ್ಯವನ್ನು ಹೊಗಳದಿದ್ದರೆ ತಪ್ಪಾದೀತು. "ಕೂತ್ಕೊಳ್ಳಿ ದೊಡ್ಡಮ್ಮ, ಈಗ ಪ್ರಜಾಪ್ರಭುತ್ವ. ನೀವು ಏನು ಬೇಕಾದ್ರೂ ಕೇಳ್ಬಹುದು," ಎಂದರು. "ನನ್ ಮಗ ಯಾವತ್ತು ಸತ್ತ, ಹೇಳಪ್ಪ," ಎಂದೆ. "ಕೇಳ್ಬಹುದು ಅಂದೆ ದೊಡ್ಡಮ್ಮ, ಹೇಳ್ತೀವಿ ಅಂದ್ನಾ?" ಹಿಂದೆ ಕೇಳಿದರೆ ಒದೆಯುತ್ತಿದ್ದರು, ಈಗ ಕುರ್ಚಿ ಕೊಡುತ್ತಾರೆ, ಸುಧಾರಣೆಯೆಂದರೆ ಇದೇ ಇರಬೇಕು.

ಮನೆಯಲ್ಲಿ ತಂಗುವ ನೆಂಟರ ಹೆಸರನ್ನು ವಾರ್ಡ್ ಕಚೇರಿಗೆ ತಿಳಿಸಲೇಬೇಕೆಂಬ ಹಳೆಯ ಕಾನೂನಿಗೆ ಸುಧಾರಣೆಯ ಗಾಳಿ ಸೋಕದಂತೆ ಕಾಪಾಡಿದ್ದಕ್ಕೂ ಕೃತಜ್ಞಳು. ಕಳೆದ ವಾರವೂ ತಮ್ಮವರು ಬಂದು ನನ್ನ ಮಂಚದ ಕೆಳಗೆ ಬಗ್ಗಿ ನೋಡಿ ಹೋದರು.

ತಮ್ಮ ತಪ್ಪುಗಳನ್ನೆಲ್ಲ ತಾವೇ ಕ್ಷಮಿಸಿಕೊಂಡು ಕಾಯಿದೆ ಮಾಡಿದ ಉದಾರಿಗಳು ತಾವು. ನನಗೆ ನ್ಯಾಯ ಬೇಡ, ಕಾರಣ ಬೇಡ, ಕೊಂದವರ ಹೆಸರೂ ಬೇಡ. ಒಂದು ದಿನ ಹೇಳಿ, ಸಾಕು. ನಿಜವಾದದ್ದು ಸಿಗದಿದ್ದರೆ ತೋಚಿದ್ದನ್ನು ಬರೆದು ಸಹಿ ಹಾಕಿ. ಸುಳ್ಳಾದರೆ ಆ ಪಾಪ ತಮ್ಮದು, ಊಟದ ಪುಣ್ಯದಲ್ಲಿ ಮಾತ್ರ ನಮ್ಮ ಪದ್ಧತಿಯಂತೆ ತಮಗೂ ಪಾಲು ಕೊಡುತ್ತೇನೆ.

ಬಾಗಿಲು ತೆರೆದಿಟ್ಟು ಕಾದಿರುವ,
ತಮ್ಮ ವಿಶ್ವಾಸಿ,
ಡೋ ನ್ಯುಂಟ್ ಖಿನ್

ತಾ.ಕ.: ತಾನ್ ಲ್ವಿನ್ ಎಂಬುವನು ಇಷ್ಟು ವರ್ಷಗಳಿಂದ ವಾರ್ಡ್ ಕಚೇರಿಗೆ ತಿಳಿಸದೆ ನನ್ನ ಮನೆಯಲ್ಲಿ ತಂಗಿದ್ದಾನೆಂದು ಈ ಮೂಲಕ ತಪ್ಪೊಪ್ಪಿಕೊಳ್ಳುತ್ತೇನೆ. ಬಂಧಿಸಲು ಅವಶ್ಯ ಬನ್ನಿ. ಈ ಸಲವಾದರೂ ದಿನವನ್ನು ಬರೆದಿಟ್ಟುಕೊಳ್ಳಿ.