ಬಾವಿಯ ಸರ್ಕಾರಿ ಮುಗುಡಿಗೆ, ದಯಮಾಡಿ ಸಾಯಬೇಕೆಂದು

ಎಲ್ಲೂರು
ಏಪ್ರಿಲ್ ೧೯೮೪

ನಮ್ಮ ಮನೆಯ ಬಾವಿಯಲ್ಲಿ ಸರ್ಕಾರದ ಪರವಾಗಿ ಬಿಡಾರ ಹೂಡಿರುವ ಶ್ರೀ ಮುಗುಡು ಮೀನಿನವರ ಸನ್ನಿಧಾನಕ್ಕೆ, ಬಾವಿಕಟ್ಟೆಯ ಮೇಲಿನಿಂದ ಜೆರ್ಟ್ರೂಡ್ ರೊಸಾರಿಯೊ ಕೈಮುಗಿದು ಬರೆಯುವುದು.

ಮಾನ್ಯರೇ,

ದೇವರ ದಯೆಯಿಂದ ನಾವು ಹೇಗೋ ಇದ್ದೇವೆ. ತಾವು ಕ್ಷೇಮವಾಗಿರುವುದನ್ನು ಈಗಷ್ಟೇ ಬಗ್ಗಿ ನೋಡಿ ಖಚಿತಪಡಿಸಿಕೊಂಡೆ. ನಮ್ಮ ದೂರು ಅದೇ.

ತಾವು ಬರುವ ಮೊದಲಿನ ಸಂಗತಿ ತಮಗೆ ಗೊತ್ತಿರಲಾರದು. ಗದ್ದೆಯ ಆಚೆಗಿದ್ದ ಬಣ್ಣದ ಕಾರ್ಖಾನೆಯವರು ಬಾಗಿಲು ಹಾಕಿ ಹೋಗುವಾಗ ಯಂತ್ರ, ಬೆಂಚು, ಗೇಟಿನ ಬೀಗ ಎಲ್ಲವನ್ನೂ ಲಾರಿಗೆ ಹೇರಿಕೊಂಡು, ಹೊಂಡದಲ್ಲಿದ್ದ ಕೊಳೆನೀರನ್ನು ಮಾತ್ರ ಊರಿಗೆ ಉದಾರವಾಗಿ ದಾನ ಮಾಡಿದರು. ಆ ದಾನ ನೆಲದೊಳಗಿನಿಂದಲೇ ಇಳಿದು ನಮ್ಮ ಬಾವಿಗೆ ಬಂತು. ಅಂದಿನಿಂದ ನಮ್ಮಲ್ಲಿ ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ ಅರಿಶಿನ ಹಾಕದೆಯೇ ಹಳದಿಯಾಗುತ್ತದೆ, ಇಗರ್ಜಿಗೆ ಉಡುವ ಬಿಳಿ ಸೀರೆ ಒಂದೇ ಒಗೆತಕ್ಕೆ ಬಣ್ಣ ಕಟ್ಟಿಕೊಳ್ಳುತ್ತದೆ. ಇಷ್ಟು ಸೌಕರ್ಯ ಉಡುಪಿ ಪೇಟೆಯವರಿಗೂ ಇಲ್ಲ.

ಆದರೂ ನಾವು ಉಪಕಾರ ಸ್ಮರಣೆಯಿಲ್ಲದ ಜನ, ಅರ್ಜಿ ಹಾಕಿದೆವು. ಘಟ್ಟದ ಮೇಲಿನಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ನೀರು ಪರೀಕ್ಷೆಯ ಸಾಹೇಬರು ಜೀಪಿನಲ್ಲಿ ದಯಮಾಡಿಸಿದರು. ಪರೀಕ್ಷೆಯ ಸೀಸೆಗಳು ಇನ್ನೂ ಮಂಜೂರಾಗದ ಕಾರಣ ಅಲ್ಲಿಯವರೆಗೆ ಬಾವಿಗೆ ಒಂದು ಮೀನು ಬಿಡುವುದೆಂದೂ, ಮೀನು ಬದುಕಿದರೆ ನೀರು ಒಳ್ಳೆಯದು, ಸತ್ತರೆ ಕೆಟ್ಟದ್ದು, ಕೆಟ್ಟದ್ದಾದರೆ ಮಾತ್ರ ಟ್ಯಾಂಕರ್ ನೀರು ಎಂದೂ ಅಪ್ಪಣೆಯಾಯಿತು. ಮೊದಲು ಬಿಟ್ಟ ಮೀನು ಮರುದಿನವೇ ಹೊಟ್ಟೆ ಮೇಲೆ ಮಾಡಿ ತೇಲಿತು. ನಾವು ಹಬ್ಬದ ಸಂಭ್ರಮದಲ್ಲಿ ಅದನ್ನು ಸಾಹೇಬರಿಗೆ ತೋರಿಸಿದೆವು. ಅವರು ಕನ್ನಡಕ ಏರಿಸಿ, ಆ ಮೀನಿನ ದೇಹಸ್ಥಿತಿಯೇ ಸರಿಯಿರಲಿಲ್ಲ ಎಂದು ತೀರ್ಪಿತ್ತರು. ಎರಡನೆಯ ಮೀನಿನ ದೇಹಸ್ಥಿತಿಯೂ ಸರಿಯಿರಲಿಲ್ಲ. ಆಗ ಅವರು ಜವಾನ ದೂಮಪ್ಪನನ್ನು ಕರೆದು, "ಒಂದು ಗಟ್ಟಿಮುಟ್ಟಾದ ಮೀನು ತರೋಕಾಗಲ್ವೇನಯ್ಯಾ ನಿಂಗೆ?" ಎಂದು ಗದರಿಸಿದರು. ಬಿಸಿಲಲ್ಲಿ ಕೊಡಪಾನದಲ್ಲಿ ಮೀನು ಹೊತ್ತು ಬೇಸತ್ತಿದ್ದ ದೂಮಪ್ಪ ಸೀದಾ ಗದ್ದೆ ಬದಿಯ ತೋಡಿಗಿಳಿದು ತಮ್ಮನ್ನು ಹಿಡಿದು ತಂದ. "ಇದು ಸಾಯುವ ಜಾತಿಯೇ ಅಲ್ಲ ಬಾಯಮ್ಮ, ಇನ್ನು ನನಗೆ ಕಿರಿಕಿರಿ ಇಲ್ಲ" ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿ ಬೀಡಿ ಹಚ್ಚಿದ.

ಅವನ ಮಾತನ್ನು ತಾವು ಅಕ್ಷರಶಃ ಉಳಿಸಿಕೊಂಡಿದ್ದೀರಿ. ಗದ್ದೆ ಬತ್ತಿದರೂ ಕೆಸರಿನಲ್ಲಿ ಹೂತುಕೊಂಡು ಮುಂದಿನ ಮಳೆಗೆ ಆರಾಮವಾಗಿ ಕಾಯುವವರು, ಬುಟ್ಟಿಯಲ್ಲಿಟ್ಟು ಕತ್ತಿ ಮಸೆಯುವಾಗಲೂ ಬಾಲ ಬಡಿದು ಪ್ರತಿಭಟಿಸುವವರು ತಾವು. ತಮ್ಮಂಥ ಮಹನೀಯರಿಗೆ ನಮ್ಮ ಬಾವಿ ಯಾವ ಲೆಕ್ಕ? ಬಂದಾಗ ಇದ್ದದ್ದಕ್ಕಿಂತ ದಪ್ಪವಾಗಿದ್ದೀರಿ, ಮೈಗೆ ಹೊಳಪು ಬಂದಿದೆ. ಸಾಹೇಬರು ಬಂದಾಗಲೆಲ್ಲ ತಾವು ಮೇಲೆ ಬಂದು ದರ್ಶನ ಕೊಡುತ್ತೀರಿ, ಅವರು "ನೀರು ಉತ್ತಮ" ಎಂದು ಬರೆದುಕೊಂಡು, ಬಾಯಾರಿಕೆಗೆ ನಮ್ಮಲ್ಲಿ ಸೀಯಾಳ ಕುಡಿದು ಹೋಗುತ್ತಾರೆ. ನಮ್ಮ ಅರ್ಜಿಗಳೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾದವು.

ನಾನು ಇಷ್ಟು ಹಠ ಹಿಡಿಯಲು ಕಾರಣ ಉಂಟು. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ನನ್ನ ಮಗಳು ಗ್ಲ್ಯಾಡಿಸ್ ಮಣಿಪಾಲದ ಆಸ್ಪತ್ರೆಯಿಂದ ಹೆಣ್ಣುಕೂಸಿನೊಂದಿಗೆ ಮನೆಗೆ ಬಂದಿದ್ದಾಳೆ. ಬಾಣಂತಿಗೂ ಕೂಸಿಗೂ ಹಂಡೆ ತುಂಬ ಬಿಸಿನೀರು ಕಾಯಿಸಿ ಎರೆಯದವಳು ನಮ್ಮಲ್ಲಿ ತಾಯಿಯೇ ಅಲ್ಲ. ಸರ್ಕಾರವೇ ಉತ್ತಮ ಎಂದಿದೆಯಲ್ಲ ಎಂದು ಮೊದಲ ದಿನ ಈ ನೀರನ್ನೇ ಎರೆದೆ. ಸಂಜೆಗೆ ಕೂಸಿನ ಬೆನ್ನ ತುಂಬ ಕೆಂಪು ಬೊಕ್ಕೆಗಳು. ನಾನು ಬಾವಿಕಟ್ಟೆಯಲ್ಲಿ ಕುಳಿತು ಅತ್ತೆ. ತಾವು ಕೆಳಗೆ ಸಂಜೆಯ ವಿಹಾರದಲ್ಲಿದ್ದಿರಿ. ಕೂಸಿನ ಅಳು ಕೇಳಿ ಗುಡ್ಡೆಯ ಮೇಲಿನ ಮನೆಯ ಬೀಪಾತುಮ್ಮ ಇಳಿದು ಬಂದು, "ಎಂತ ಮಾರಾಯ್ತಿ, ನಮ್ಮ ಬಾವಿ ಇರಲಿಲ್ವಾ ನಿಮಗೆ?" ಎಂದು ಬೈದು, ಅಂದಿನಿಂದ ನೀರು ಕಳುಹಿಸುತ್ತಿದ್ದಾರೆ. ಆದರೆ ಈ ಬಿಸಿಲಿಗೆ ಅವರ ಬಾವಿಯ ತಳವೂ ಕಾಣುತ್ತಿದೆ, ಎರಡು ಮನೆಗೆ ಅದು ಸಾಲದು.

ಆದಕಾರಣ ಸಾರ್ವಜನಿಕ ಹಿತದೃಷ್ಟಿಯಿಂದ, ಸಾಹೇಬರ ಮುಂದಿನ ಭೇಟಿಯೊಳಗೆ ತಾವು ದಯಮಾಡಿ ಸಾಯಬೇಕಾಗಿ ವಿನಂತಿ. ಸಾಯಲು ಸಂಕೋಚವಿದ್ದರೆ ಹೊಟ್ಟೆ ಮೇಲೆ ಮಾಡಿ ಅರ್ಧ ಗಂಟೆ ತೇಲಿದರೂ ಸಾಕು. ಅದೂ ಕಷ್ಟವಾದರೆ ಸಾಹೇಬರು ಬಗ್ಗಿದಾಗ ಒಮ್ಮೆ ಕೆಮ್ಮಿ. ತಮ್ಮ ಆತ್ಮಶಾಂತಿಗೆ ಪೂಜೆ ಇಡಿಸಬಹುದೇ ಎಂದು ಪಾದ್ರಿಗಳನ್ನು ಕೇಳಿದ್ದೇನೆ. ಬಹಳ ಹೊತ್ತು ನಕ್ಕರು, ಆದರೆ ಆಗುವುದಿಲ್ಲ ಎನ್ನಲಿಲ್ಲ. ನಾವೇ ಬಲೆ ಹಾಕೋಣವೆಂದರೆ, ಕರ್ತವ್ಯದಲ್ಲಿರುವ ಸರ್ಕಾರಿ ನೌಕರರ ಮೇಲೆ ಕೈಮಾಡಿದ ಅಪವಾದ ಬಂದೀತೆಂದು ನನ್ನ ಯಜಮಾನರು ಪ್ಯಾಟ್ರಿಕ್ ಹೆದರುತ್ತಾರೆ.

ತಮ್ಮ ದೀರ್ಘಾಯುಷ್ಯದಿಂದ ಕಂಗೆಟ್ಟಿದ್ದರೂ,
ತಮ್ಮ ವಿಶ್ವಾಸಿ,
ಜೆರ್ಟ್ರೂಡ್ ರೊಸಾರಿಯೊ

ತಾ.ಕ.: ಇಷ್ಟು ಬರೆಯುವಾಗಲೇ ಸಾಹೇಬರ ಜೀಪು ಬಂತು. ಊಟದ ಹೊತ್ತು, ಹಾಗೆಯೇ ಕಳುಹಿಸುವುದು ಹೇಗೆ? ಕಾಪುವಿನಿಂದ ತಂದ ಸಮುದ್ರದ ಮೀನಿನ ಗಸಿ ಬಡಿಸಿದೆ. ಎರಡನೆಯ ಸಲ ಹಾಕಿಸಿಕೊಂಡು, "ಯಾವ ಮೀನಮ್ಮಾ ಇದು, ಇಷ್ಟು ರುಚಿಯಾಗಿದೆ?" ಎಂದರು. ದೇವರು ಕ್ಷಮಿಸಲಿ, ನನ್ನ ನಾಲಗೆ ನಿಲ್ಲಲಿಲ್ಲ. "ನಮ್ಮ ಬಾವಿಯದ್ದೇ ಸಾರ್, ನಿಮ್ಮ ಮುಗುಡು" ಎಂದೆ. ಸಾಹೇಬರು ಬಟ್ಟಲು ಬಿಟ್ಟು ಹಿತ್ತಿಲಿಗೆ ಹಾರಿದರು. ಬಾಯಿ ತೊಳೆಯಲೆಂದು ಗ್ಲ್ಯಾಡಿಸ್ ನಮ್ಮ ಬಾವಿಯ ನೀರನ್ನು ಚೊಂಬಿನಲ್ಲಿ ಹಿಡಿದರೆ, ಅದನ್ನು ಕಂಡು ಇನ್ನಷ್ಟು ಬೆದರಿ, ಬರಿಗಾಲಲ್ಲಿ ಗುಡ್ಡೆ ಹತ್ತಿ ಬೀಪಾತುಮ್ಮನ ಬಾವಿಯವರೆಗೆ ಓಡಿ ಅಲ್ಲಿ ಬಾಯಿ ಮುಕ್ಕಳಿಸಿದರು. ದೂಮಪ್ಪ ನಕ್ಕು ನಕ್ಕು ಜೀಪಿಗೆ ಆನಿಕೊಂಡ. ಸಾಹೇಬರು ಇಳಿದು ಬಂದು ಯಾರ ಮುಖವನ್ನೂ ನೋಡದೆ ಟ್ಯಾಂಕರಿಗೆ ಮಂಜೂರಾತಿ ಬರೆದು ರುಜು ಹಾಕಿದರು. ನಾಳೆಯಿಂದ ನೀರು ಬರುತ್ತದೆ. ಕೊಟ್ಟ ಕಾರಣ: "ಮೀನು ಮೃತಪಟ್ಟಿದೆ". ಆದ್ದರಿಂದ ಮಾನ್ಯರೇ, ನನ್ನ ಮೊಮ್ಮಗಳ ಸ್ನಾನವೆಲ್ಲ ಮುಗಿಯುವವರೆಗೆ, ಜೀಪಿನ ಸದ್ದು ಕೇಳಿದರೆ ದಯಮಾಡಿ ತಳದಲ್ಲೇ ಇರಿ.