ಏಳನೆಯ ಹಗ್ಗ

ಗಿಬ್ಬಿ ಲೈಲ್ ಅವತ್ತು ಬೆಳಿಗ್ಗೆ ಹಾಲಿಲ್ಲದ ಚಹಾವನ್ನೇ ಕುಡಿದು ಮನೆಯಲ್ಲಿ ಸುಮ್ಮನಿದ್ದಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಹಾಲು ತರಲು ಮೆಟ್ಟಿಲಿಳಿದ. ಕೆಳಗಿನ ಮನೆಯ ಸೆಂಗಾ ಬಾಗಿಲಲ್ಲೇ ನಿಂತಿದ್ದಳು. ಅವಳು ಬಾಗಿಲಲ್ಲಿ ನಿಲ್ಲುವುದು ಜೇಡ ಬಲೆಯಲ್ಲಿ ಕೂತ ಹಾಗೆ. ಆತುರವಿಲ್ಲ, ಮೇಲಿನ ಮನೆಗಳವರೆಲ್ಲ ಅದೇ ದಾರಿಯಲ್ಲಿ ಇಳಿಯಲೇಬೇಕು.

"ಇವತ್ತು ಲಾಕಿದು ಮಣ್ಣು ಅಲ್ವೇನಪ್ಪ?" ಅಂದಳು. "ನಿಂಗೆ ಯಾವ ಹಗ್ಗ ಕೊಟ್ರು?"

ಗಿಬ್ಬಿಗೆ ಯಾರೂ ಯಾವ ಹಗ್ಗವನ್ನೂ ಕೊಟ್ಟಿರಲಿಲ್ಲ. ಇಲ್ಲ ಅನ್ನಬೇಕೆಂದೇ ಬಾಯಿ ತೆರೆದ. ಬಾಯಿ "ಏಳನೇದು" ಅಂತು.

"ಯಾವಾಗ ಹೇಳಿದ್ರು?"

"ಸೋಮವಾರ," ಅಂತು ಅದೇ ಬಾಯಿ.

ಈ ಗ್ರೀನಕ್ ಊರಿನಲ್ಲಿ ಹಗ್ಗವೆಂದರೆ ಸುಮ್ಮನೆ ಹಗ್ಗವಲ್ಲ. ಸತ್ತವರನ್ನು ಗುಂಡಿಗೆ ಇಳಿಸುವವರು ಕೂಲಿಯಾಳುಗಳಲ್ಲ, ಅವರಿಗೆ ಬೇಕಾದವರು. ಪೆಟ್ಟಿಗೆಗೆ ಎಂಟು ಹಗ್ಗ, ಹಿಡಿಯಲು ಎಂಟು ಜನ. ತಲೆಯ ಕಡೆಯ ಒಂದನೆಯದು ಎಲ್ಲರಿಗಿಂತ ಹತ್ತಿರದವರಿಗೆ, ಮಿಕ್ಕವು ನಂಟಿನ ತೂಕ ನೋಡಿ. ಮದುವೆಗೆ ಕರೆಯದಿದ್ದರೆ ಇಲ್ಲಿಯ ಜನ ಒಂದು ವರ್ಷ ಮುನಿಸಿಕೊಂಡು ಮರೆಯುತ್ತಾರೆ. ಹಗ್ಗ ಕೊಡದಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಮಾತು ಬಿಡುತ್ತಾರೆ. ಲಾಕಿಯ ಬದುಕಿನಲ್ಲಿ ತನಗೂ ಒಂದು ಜಾಗವಿತ್ತು ಎಂದು ಊರಿಗೆ ತೋರಿಸಲು ಗಿಬ್ಬಿಗೆ ಉಳಿದಿದ್ದದ್ದು ಇದೊಂದೇ ದಾರಿ, ಇವತ್ತೊಂದೇ ದಿನ.

ಲಾಕಿ ಎಂದರೆ 'ವೆಟ್ ಕೋಟ್ಸ್' ಬ್ಯಾಂಡಿನ ಹಾಡುಗಾರ. ಒದ್ದೆ ಕೋಟುಗಳು. ಈ ಊರ ಮಳೆಯಲ್ಲಿ ಬೇರೆ ಯಾವ ಹೆಸರು ಹೊಳೆದೀತು? ಆ ಹೆಸರಿಟ್ಟವನು ಗಿಬ್ಬಿ. ಚರ್ಚಿನ ನೆಲಮಾಳಿಗೆಯಲ್ಲಿ ಬಾಯ್ಲರಿನ ಮೇಲೆ ಕೋಟು ಒಣಹಾಕಿ, ಆ ಉಣ್ಣೆಯ ಕಮಟು ವಾಸನೆಯಲ್ಲಿ ಹುಡುಗರು ಮೊದಲ ಹಾಡು ಕಟ್ಟಿದಾಗ ಡ್ರಮ್ಸಿನ ಹಿಂದೆ ಕೂತಿದ್ದವನೂ ಗಿಬ್ಬಿಯೇ. ಅದೇ ಚಳಿಗಾಲದಲ್ಲಿ ಅವನಿಗೆ ಫೆರಿ ಕಟ್ಟೆಯಲ್ಲಿ ಕೆಲಸ ಸಿಕ್ಕಿತು. ದೋಣಿ ಬಂದಾಗ ಹಗ್ಗ ಹಿಡಿದು ಕಂಬಕ್ಕೆ ಬಿಗಿಯುವುದು, ಹೊರಟಾಗ ಬಿಚ್ಚಿ ಎಸೆಯುವುದು. ಲಂಡನ್ನಿನ ರೆಕಾರ್ಡ್ ಕಂಪನಿಯವನೊಬ್ಬ ಇವರನ್ನು ಕೇಳಲು ಗ್ಲಾಸ್ಗೋಗೆ ಬಂದ ಸಂಜೆ ಗಿಬ್ಬಿಗೆ ಪಾಳಿ. ಹೊಸ ಕೆಲಸ, ರಜೆ ಕೇಳಲು ಧೈರ್ಯ ಬರಲಿಲ್ಲ. ಒಂದು ಸಂಜೆಯ ಮಟ್ಟಿಗೆ ಎಂದು ಲಾಕಿ ಗಡಿಯಾಚೆಯ ಕಾರ್ಲೈಲಿನಿಂದ ನೈಜೆಲ್ ಎಂಬ ಇಂಗ್ಲಿಷ್ ಹುಡುಗನನ್ನು ಕರೆತಂದು ಡ್ರಮ್ಸಿಗೆ ಕೂರಿಸಿದ. ಆ ಒಂದು ಸಂಜೆ ಬ್ಯಾಂಡು ಮುರಿಯುವ ತನಕ ನಡೆಯಿತು.

ಹೋಗು ಎಂದು ಗಿಬ್ಬಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು. ಊರ ಪತ್ರಿಕೆಯಲ್ಲಿ ಬ್ಯಾಂಡಿನ ಫೋಟೋ ಬಂತು. ಅದರಲ್ಲಿ ತನ್ನನ್ನು ಹುಡುಕಿದ, ಕಾಣಲಿಲ್ಲ. ಪತ್ರಿಕೆ ಮಡಿಸಿಟ್ಟು ಪಾಳಿಗೆ ಹೋದ.

ಆಮೇಲೆ ಹಾಡು ರೇಡಿಯೋದಲ್ಲಿ ಬಂತು. ಕೆಸರು ತುಂಬಿದ ಬಯಲುಗಳಲ್ಲಿ ಸಾವಿರಾರು ಜನ ಅದಕ್ಕೆ ದನಿಗೂಡಿಸಿದರು. ಜಪಾನಿನ ಹುಡುಗಿಯರು ವಿಮಾನ ನಿಲ್ದಾಣದಲ್ಲಿ ಅತ್ತರಂತೆ. ಎರಡನೆಯ ರೆಕಾರ್ಡನ್ನು ಎಲ್ಲರೂ ಹೊಗಳಿದರು, ಮೂರನೆಯದನ್ನು ಯಾರೂ ಕೊಳ್ಳಲಿಲ್ಲ. ಗಿಟಾರಿನವನು ಮುನಿಸಿಕೊಂಡು ಕೆನಡಾಕ್ಕೆ ಹೋಗಿ ಹೆಂಚು ಹೊದಿಸುವ ಕೆಲಸಕ್ಕೆ ಸೇರಿದ. ಲಾಕಿ ತಾಯಿಯ ಮನೆಗೆ ಮರಳಿ, ಬೇರೆಯವರ ಮದುವೆಗಳಲ್ಲಿ ಅದೇ ಹಳೆಯ ಹಾಡು ಹಾಡುತ್ತ, ಕುಡಿಯುತ್ತ, ಕೊನೆಗೆ ಹಾಡುವುದು ಬಿಟ್ಟುಹೋಗಿ ಕುಡಿಯುವುದೊಂದೇ ಉಳಿದು, ಲಿವರ್ ಕೆಟ್ಟು ಸತ್ತ. ಅವನು ದೋಣಿ ಹತ್ತುವಾಗ, ಇಳಿಯುವಾಗ ಗಿಬ್ಬಿ ಎದುರಿಗೇ ಇರುತ್ತಿದ್ದ. ಚಳಿ ಜಾಸ್ತಿ ಎಂದು ಲಾಕಿ ಅನ್ನುತ್ತಿದ್ದ, ಹೌದೆಂದು ಗಿಬ್ಬಿ ಅನ್ನುತ್ತಿದ್ದ. ಮೂವತ್ತು ವರ್ಷ ಅವರಿಬ್ಬರ ನಡುವೆ ನಡೆದ ಮಾತೆಲ್ಲ ಅಷ್ಟೇ.

ಗಿಬ್ಬಿ ಹಾಲು ಹಿಡಿದು ವಾಪಸು ಬರುವಷ್ಟರಲ್ಲಿ ಸುದ್ದಿ ಮೇಲಿನ ಮಹಡಿ ಮುಟ್ಟಿತ್ತು. ಸೆಂಗಾ ತೀರಿಹೋದ ತನ್ನ ಗಂಡನ ಕರಿ ಕೋಟನ್ನು ತೋಳ ಮೇಲೆ ಹಾಕಿಕೊಂಡು ಕಾದಿದ್ದಳು. ಹಗ್ಗ ಹಿಡಿಯುವವನು ಆ ಸವೆದ ಜಾಕೆಟ್ಟಿನಲ್ಲಿ ಹೋದರೆ ಇಡೀ ಕಟ್ಟಡದ ಮಾನ ಹೋಗುತ್ತದೆ ಎಂಬುದು ಅವಳ ವಾದ. ಬೇಡವೆಂದರೆ ಕೇಳುವ ಹೆಂಗಸಲ್ಲ. ಅವಳ ಗಂಡ ಭಾರಿ ಆಳು. ಆ ಕೋಟಿನೊಳಗೆ ಗಿಬ್ಬಿ, ಮೂಟೆಯ ತಳದಲ್ಲಿ ಉಳಿದ ಒಂದೇ ಆಲೂಗಡ್ಡೆಯಂತೆ ಕಂಡ.

ಅಷ್ಟರಲ್ಲಿ ಫೆರಿ ಕಟ್ಟೆಯ ಶುಗ್, ಜೊತೆಯವರನ್ನು ವ್ಯಾನಿನಲ್ಲಿ ತುಂಬಿಕೊಂಡು ಬಂದ. ಸೆಂಗಾ ಅವನ ಹೆಂಡತಿಗೆ ಫೋನು ಮಾಡಿದ್ದಳು. ನಮ್ಮ ಗಿಬ್ಬಿಗೆ ಹಗ್ಗವಂತೆ ಎಂದು ಎಲ್ಲರೂ ಪಾಳಿ ಅದಲುಬದಲು ಮಾಡಿಕೊಂಡು ಹೊರಟಿದ್ದರು. ಅವನು ಬ್ಯಾಂಡಿನಲ್ಲಿದ್ದೆ ಅಂದಾಗಲೆಲ್ಲ ನಕ್ಕಿದ್ದವರೇ ಅವರು. ಈಗ ಒಬ್ಬನೂ ನಗಲಿಲ್ಲ, ಶುಗ್ ಒಬ್ಬನನ್ನು ಬಿಟ್ಟು.

"ಜೀವಮಾನವೆಲ್ಲ ಹಗ್ಗ ಬಿಗಿದೋನು ನೀನು," ಅಂದ ಶುಗ್. "ಇವತ್ತು ಬಿಗಿಯೋದಲ್ಲ ಕಣಯ್ಯ, ಬಿಡೋದು. ಅಭ್ಯಾಸಬಲದಲ್ಲಿ ಲಾಕೀನ ಯಾವುದಾದ್ರೂ ಗೋರಿಕಲ್ಲಿಗೆ ಕಟ್ಟಿ ಬಂದುಬಿಟ್ಟೀಯ."

ವ್ಯಾನಿನಲ್ಲಿ ಕೂತ ಗಿಬ್ಬಿಗೆ ಎರಡು ಸಲ ನಿಜ ಹೇಳಿಬಿಡೋಣ ಅನ್ನಿಸಿತು. ಮೊದಲ ಸಲ ಪಕ್ಕ ಕೂತ ಸೆಂಗಾ ಅವನ ಕಾಲರು ಸರಿಮಾಡುತ್ತಿದ್ದಳು. ಎರಡನೆಯ ಸಲ ಚರ್ಚು ಬಂದುಬಿಟ್ಟಿತು.

ಬಾಗಿಲಲ್ಲೇ ಪಾದ್ರಿ ಕೈ ಕುಲುಕಿ, ಏಳನೆಯವರು ನೀವೇ ಅಂತೆ, ಸಂತೋಷ ಅಂದರು. ಅವರಿಗೂ ಮುಟ್ಟಿತ್ತು. ಪಾದ್ರಿಯ ಬೆನ್ನ ಹಿಂದೆ ಶವದ ವ್ಯವಸ್ಥೆ ನೋಡಿಕೊಳ್ಳುವ ಮ್ಯೂರ್‌ಹೆಡ್ ನಿಂತಿದ್ದ. ಉದ್ದ ಮುಖದ, ಸತ್ತವರಿಗೂ ಕೇಳಿಸದಷ್ಟು ಮೆಲ್ಲಗೆ ಮಾತಾಡುವ ಮನುಷ್ಯ. ಗಿಬ್ಬಿಯನ್ನು ಕಂಬದ ಮರೆಗೆ ಕರೆದ.

"ಏಳು ನೈಜೆಲ್ ಅವರದು," ಅಂದ. "ಹಗ್ಗದ ಚೀಟಿ ಅವರ ಕೈಲಿದೆ. ಗುಂಡಿ ಹತ್ರ ಗಲಾಟೆ ಆಗ್ಬಾರ್ದು, ದಯವಿಟ್ಟು."

ಇರುವ ಎಂಟು ಅಂಕೆಗಳಲ್ಲಿ ತನ್ನ ಬಾಯಿ ಹುಡುಕಿ ಹುಡುಕಿ ಆರಿಸಿದ್ದು ನೈಜೆಲನದನ್ನೇ. ಗಿಬ್ಬಿಗೆ ಆ ಕ್ಷಣದಲ್ಲಿ ಲಾಕಿಯ ಪಕ್ಕ ತಾನೂ ಮಲಗಿಬಿಡಬಾರದೇ ಅನ್ನಿಸಿತು.

ನೈಜೆಲ್ ಚರ್ಚಿನ ಪಡಸಾಲೆಯಲ್ಲಿ ಒಬ್ಬನೇ ನಿಂತಿದ್ದ. ತಲೆಯ ಕೂದಲೆಲ್ಲ ಉದುರಿತ್ತು. ಕಾಲಲ್ಲಿ ಫಳಫಳ ಹೊಳೆಯುವ, ನುಣ್ಣನೆಯ ತೊಗಲಿನ ಅಟ್ಟೆಯ ಪೇಟೆ ಷೂ. ಕೈಯಲ್ಲಿದ್ದ ಸಣ್ಣ ಚೀಟಿಯನ್ನು, ಅರ್ಥವಾಗದ ಔಷಧಿಯ ಚೀಟಿ ನೋಡುವಂತೆ ನೋಡುತ್ತಿದ್ದ. ಅವನ ಸೀಮೆಯಲ್ಲಿ ಪೆಟ್ಟಿಗೆ ಇಳಿಸುವುದು ಕಂಪನಿಯ ಆಳುಗಳ ಕೆಲಸ, ಬಂದವರು ದೂರ ನಿಂತು ಕೈ ಕಟ್ಟಿಕೊಂಡರೆ ಮುಗಿಯಿತು.

ಹಗ್ಗ ನನಗೆ ಕೊಡು ಎಂದು ಗಿಬ್ಬಿ ನೇರವಾಗಿ ಕೇಳಬಹುದಿತ್ತು. ಕೇಳಿದ್ದರೆ ನೈಜೆಲ್ ಕೊಡುತ್ತಿದ್ದನೇನೋ. ಆದರೆ ಈ ಭೂಮಿಯ ಮೇಲೆ ಎಲ್ಲರ ಮುಂದೆ ಕೈಚಾಚಬಹುದು, ನೈಜೆಲನ ಮುಂದೆ ಮಾತ್ರ ಗಿಬ್ಬಿಯ ಕೈ ಏಳದು.

"ಇದು ನಿಜವಾಗ್ಲೂ ಭಾರ ಹೊರೋ ಕೆಲಸಾನಾ?" ಎಂದು ನೈಜೆಲನೇ ಕೇಳಿದ. "ಅಥವಾ ಸುಮ್ನೆ ಹಿಡ್ಕೊಂಡಿರೋದಾ?"

"ಲಾಕಿ ಸಣ್ಣಾಳಾ?" ಅಂದ ಗಿಬ್ಬಿ. "ಅದರಲ್ಲೂ ಏಳನೇದು ಇಳಿಜಾರಲ್ಲಿ ಬರುತ್ತೆ. ಹೋದ ಚಳಿಗಾಲ ಒಬ್ರು ಏಳು ಹಿಡ್ಕೊಂಡಿದ್ರು. ಪೆಟ್ಟಿಗೆಗಿಂತ ಮೊದ್ಲು ಅವರೇ ಇಳಿದ್ರು."

ನೈಜೆಲ್ ತನ್ನ ಷೂಗಳನ್ನು ನೋಡಿಕೊಂಡ. "ಆಮೇಲೆ?"

"ಮೇಲಕ್ಕೆ ಎಳ್ಕೊಂಡ್ವಿ. ಆದ್ರೆ ಮೊದಲಿನ ಹಾಗೆ ಆಗ್ಲೇ ಇಲ್ಲ, ಪಾಪ."

ನೈಜೆಲ್ ಹೊರಗಿನ ಮಳೆಯನ್ನೂ ಒಮ್ಮೆ ನೋಡಿ, ನಿನಗೆ ಹಗ್ಗದ ಕೆಲಸ ರೂಢಿಯಲ್ಲವೇ ಎಂದ. ಮಾತು ಮುಗಿಯುವ ಮೊದಲೇ ಚೀಟಿ ಗಿಬ್ಬಿಯ ಅಂಗೈಯಲ್ಲಿತ್ತು. ನೈಜೆಲನಿಗೆ ಭುಜ ನೋವಂತೆ ಎಂದು ಗಿಬ್ಬಿ ಮ್ಯೂರ್‌ಹೆಡ್‌ಗೆ ಹೇಳಿದ. ಮ್ಯೂರ್‌ಹೆಡ್ ಇಬ್ಬರನ್ನೂ ನೋಡಿ, ಸರಿ ಎಂದು ತಲೆಯಾಡಿಸಿದ. ಗಲಾಟೆಯಿಲ್ಲದಿದ್ದರೆ ಅವನಿಗೆ ಯಾವ ಭುಜ ನೊಂದರೇನು.

ಗೋರಿಗಳ ಗುಡ್ಡದ ಮೇಲೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಕೆಳಗೆ ಕ್ಲೈಡ್ ಹೊಳೆ ತೊಳೆಯದ ಬಾಣಲೆಯ ಬಣ್ಣಕ್ಕೆ ತಿರುಗಿತ್ತು. ಮ್ಯೂರ್‌ಹೆಡ್ ಅಂಕೆ ಕೂಗಿದಂತೆ ಒಬ್ಬೊಬ್ಬರೇ ಹೋಗಿ ನಿಂತರು. ಏಳು ಅಂದಾಗ ಗಿಬ್ಬಿ ಹೋಗಿ ಕಾಲಿನ ಕಡೆಯ ಹಗ್ಗ ಹಿಡಿದ. ಸೆಂಗಾ ಎಲ್ಲರನ್ನೂ ಮೊಣಕೈಯಿಂದ ಸರಿಸಿಕೊಂಡು ಅವನ ಬೆನ್ನಿಗೇ ಬಂದು ನಿಂತಳು. ಫೆರಿಯವರು ಟೋಪಿ ತೆಗೆದರು. ಮಳೆ ಕಣ್ಣಿಗೆ ಹೊಡೆಯುತ್ತಿದ್ದರೂ ಗಿಬ್ಬಿ ಒರೆಸಿಕೊಳ್ಳಲಿಲ್ಲ. ಮೂವತ್ತು ವರ್ಷದ ಮೇಲೆ ಬ್ಯಾಂಡಿನವರ ಸಾಲಿನಲ್ಲಿ ಅವನಿದ್ದ, ಊರು ನೋಡುತ್ತಿತ್ತು.

ತಲೆಯ ಕಡೆಯ ಒಂದನೆಯ ಹಗ್ಗ ಮಾತ್ರ ಖಾಲಿ ಬಿದ್ದಿತ್ತು. ಅದನ್ನು ಲಾಕಿಯ ತಾಯಿ ಎಫಿ ಹಿಡಿಯುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು. ಮುದುಕಿ ಕೋಲೂರಿ ಮುಂದೆ ಬಂದಳು. ಹಗ್ಗ ಮುಟ್ಟಲಿಲ್ಲ.

"ನನ್ನ ಕೈಲಿ ಟೀ ಕಪ್ಪೇ ನಿಲ್ಲಲ್ಲ," ಅಂದಳು. "ಈ ಹಗ್ಗ ಯಾರಿಗೆ ಅಂತ ಲಾಕಿನೇ ಹೇಳಿ ಹೋಗಿದಾನೆ. ಆಸ್ಪತ್ರೇಲಿ ಹೇಳ್ದ. 'ಒಬ್ಬನ ಜಾಗ ಕಿತ್ಕೊಂಡೆ ಅಮ್ಮ, ಮೂವತ್ತು ವರ್ಷ ಅವನ ಮುಖಕ್ಕೆ ಹೇಳಕ್ಕೆ ಆಗ್ಲಿಲ್ಲ. ತಲೆ ಹತ್ರದ ಹಗ್ಗ ಅವನಿಗೆ ಕೊಡು. ಮೊದಲೇ ಹೇಳ್ಬೇಡ, ಊರೆಲ್ಲ ಕೇಳೋ ಹಾಗೆ ಗುಂಡಿ ಹತ್ರ ಹೇಳು' ಅಂದ." ಅವಳು ಒದ್ದೆ ಕನ್ನಡಕದೊಳಗಿಂದ ಸುತ್ತ ಹುಡುಕಿದಳು. "ಗಿಬ್ಬಿ ಎಲ್ಲಿದಾನೆ?"

ಇಲ್ಲಿದ್ದೇನೆ ಎಂದು ಗಿಬ್ಬಿ ಕೈಯೆತ್ತಿದ. ಎತ್ತಿದ ಕೈಯಲ್ಲಿ ಹಗ್ಗವಿತ್ತು.

ಎಫಿ ಹತ್ತಿರ ಬಂದು ಅದನ್ನು ಬೆರಳಿಂದ ಮುಟ್ಟಿ ನೋಡಿದಳು. "ನಿಂಗಾಗ್ಲೇ ಒಂದು ಬಂದಿದೆಯಲ್ಲ ಮಗಾ. ಯಾರು ಕೊಟ್ರು?"

ಇದು ನನ್ನದಲ್ಲ ಆಂಟಿ, ನೈಜೆಲನದು, ಸುಳ್ಳು ಹೇಳಿ ಕಿತ್ತುಕೊಂಡೆ. ಅಷ್ಟನ್ನು ಹೇಳಿದರೆ ಸಾಕಿತ್ತು. ಗಿಬ್ಬಿ ಬಾಯಿ ತೆರೆದದ್ದೂ ಹೌದು.

"ಸೋಮವಾರನೇ ಬಂದಿದೆ ಎಫಿ ಆಂಟಿ," ಎಂದು ಸೆಂಗಾ ಅವನ ಬೆನ್ನ ಹಿಂದಿನಿಂದ, ಕೆಳಗಿನ ರಸ್ತೆಗೂ ಕೇಳುವಂತೆ ಹೇಳಿದಳು. "ನಿಮ್ಮ ಮನೆಯವ್ರೇ ಹೇಳಿ ಕಳ್ಸಿದ್ದು. ಬೆಳಿಗ್ಗೆ ಅವನೇ ಹೇಳ್ದ."

ಮಿಕ್ಕ ಏಳು ಹಗ್ಗ ಹಂಚುವುದನ್ನು ಮ್ಯೂರ್‌ಹೆಡ್‌ಗೇ ಬಿಟ್ಟಿದ್ದ ಎಫಿ ಅವನನ್ನು ನೋಡಿದಳು. ಮ್ಯೂರ್‌ಹೆಡ್ ಹುಲ್ಲನ್ನು ನೋಡಿದ. ಶುಗ್ ಮತ್ತು ಅವನ ಗುಂಪಿನವರು ಗಿಬ್ಬಿಯನ್ನೇ ನೋಡುತ್ತಿದ್ದರು. ತೆರೆದ ಬಾಯಿಯನ್ನು ಗಿಬ್ಬಿ ಮುಚ್ಚಿದ.

"ಹಾಗಾದ್ರೆ ಲಾಕಿನೇ ಇನ್ಯಾರಿಗೋ ಮುಂಚೆ ಹೇಳಿರ್ಬೇಕು, ಪಾಪ. ಕೊನೆಗೆ ಅವನಿಗೆ ನೆನಪು ನಿಲ್ತಿರ್ಲಿಲ್ಲ," ಎಂದು ಮುದುಕಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. "ಹೋಗ್ಲಿ, ಹಿಡಿದ ಹಗ್ಗ ಇಳಿಸೋ ಮೊದ್ಲು ಕೆಳಗಿಡಬಾರ್ದು, ಇನ್ನೊಂದು ಸಾವು ಕರೆಯುತ್ತೆ. ನಿಂಗೆ ಸಿಗಬೇಕಾದ್ದು ಸಿಕ್ತಲ್ಲ, ಅಷ್ಟೇ ಸಾಕು." ಆಮೇಲೆ ಸುತ್ತ ನೋಡಿದಳು. "ಬ್ಯಾಂಡಿನವರಲ್ಲಿ ಇನ್ನೂ ಬರಿಗೈಲಿ ನಿಂತಿರೋರು ಯಾರಪ್ಪ?"

ಬರಿಗೈಯಲ್ಲಿ ನಿಂತಿದ್ದವನು ಒಬ್ಬನೇ. ಕೊಡೆಯ ಕೆಳಗೆ, ಹೊಳೆಯುವ ಷೂ ಹಾಕಿಕೊಂಡು.

ತಲೆಯ ಕಡೆ ನೆಲ ಸಮತಟ್ಟಾಗಿತ್ತು, ಜಾರದಂತೆ ಹಲಗೆ ಬೇರೆ ಹಾಸಿದ್ದರು. ನೈಜೆಲ್ ಅಲ್ಲಿ ನಿಂತು ಒಂದನೆಯ ಹಗ್ಗ ಹಿಡಿದ. ಮ್ಯೂರ್‌ಹೆಡ್ ತಲೆಯಾಡಿಸಿದ, ಪೆಟ್ಟಿಗೆ ಇಳಿಯಿತು. ಗಿಬ್ಬಿ ಇಂಚಿಂಚಾಗಿ, ಒಂದಿಷ್ಟೂ ಕುಲುಕದಂತೆ ತನ್ನ ಹಗ್ಗ ಬಿಟ್ಟ. ಏಳನೆಯದನ್ನು ಇಷ್ಟು ಚೆನ್ನಾಗಿ ಬಿಟ್ಟವರನ್ನು ನೋಡೇ ಇಲ್ಲ ಎಂದು ಶುಗ್ ಆಮೇಲೆ ನಾಲ್ಕು ಜನರ ಹತ್ತಿರ ಹೇಳಿದ.

ಚರ್ಚಿನ ಸಭಾಂಗಣದಲ್ಲಿ ಎಲ್ಲರಿಗೂ ಬಿಸಿ ಮಾಂಸದ ಪೈ ಬಡಿಸಿದರು. ಎದುರು ಮೇಜಿನಲ್ಲಿ ಎಫಿ ಬಂದವರಿಗೆಲ್ಲ, ನಮ್ಮ ಲಾಕಿಯ ತಲೆ ಹಿಡಿದವನು ಈತನೇ ಎಂದು ನೈಜೆಲನನ್ನು ತೋರಿಸುತ್ತಿದ್ದಳು. ಸೆಂಗಾ ಕೋಟು ವಾಪಸು ತೆಗೆದುಕೊಂಡು, ಅದಕ್ಕೆ ಮೆತ್ತಿದ ಕೆಸರಿನ ಬಗ್ಗೆ ಪಕ್ಕದವಳಿಗೆ ಹೇಳುತ್ತಿದ್ದಳು. ಗಿಬ್ಬಿ ಮೂಲೆಯಲ್ಲಿ ಕೂತು ಪೈಯ ಮೇಲಿನ ಹಿಟ್ಟಿನ ಪದರವನ್ನು ಮುಳ್ಳುಚಮಚದಿಂದ ಕೆದಕುತ್ತಿದ್ದ.

ಸ್ವಲ್ಪ ಹೊತ್ತಿಗೆ ನೈಜೆಲ್ ತನ್ನ ತಟ್ಟೆ ಹಿಡಿದುಕೊಂಡು ಬಂದು ಪಕ್ಕ ಕೂತ. ಅವನ ಕಣ್ಣುಗಳು ಕೆಂಪಾಗಿದ್ದವು.

"ನಂಗೆ ಗೊತ್ತಿರ್ಲಿಲ್ಲ ಗಿಬ್ಬಿ," ಅಂದ. "ನೀನೇ ಬಿಟ್ಟುಹೋದೆ ಅಂತ ಲಾಕಿ ಹೇಳಿದ್ದ. ಇಷ್ಟು ವರ್ಷ ನಿನ್ನ ಜಾಗದಲ್ಲಿ ಕೂತಿದ್ದೆ ಅಂತ ಇವತ್ತು ಆ ಗುಂಡಿ ಹತ್ರ ತಿಳೀತು. ತುಂಬ ಸಂಕಟ ಆಯ್ತು." ಅವನು ಒಂದು ತುತ್ತು ತಿಂದು, ಗಿಬ್ಬಿಯ ಬೆನ್ನ ಮೇಲೆ ಕೈಯಿಟ್ಟ. "ಸದ್ಯ, ಇವತ್ತು ನೀನು ನನ್ನ ಜಾಗ ತಗೊಂಡೆಯಲ್ಲ. ಅಲ್ಲಿಗೆ ಸರಿಹೋಯ್ತು."