ಜೈಲಿನಲ್ಲಿ ಅಂಟಿನುಂಡಿ

ಬಾಳಕೃಷ್ಣ: ಮತ್ತ ಅಳ್ಲಿಕತ್ತಾನಲ್ಲೋ! ಹನ್ನೊಂದನೇ ವಾರನೂ ಅಳ್ಲಿಕತ್ತಾನ!

ಹನಮೇಶ: ಅಳಾಕತ್ತಿಲ್ರಿ ರಾಯರ. ಕಣ್ಣಾಗ ನೀರ ತುಂಬ್ಯಾವ, ಅಷ್ಟ.

ಬಾಳಕೃಷ್ಣ: ಇಲ್ಲೆ ನೀನ ಬರದೀಯಲ್ಲ! ‘ಗೂಢಚಾರ ಜಯಂಧರನು ಬಸ್ ನಿಲ್ದಾಣದ ಕಂಬವನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತನು.’ ಯಾವ ಸೀಮಿ ಗೂಢಚಾರನೋ ಇವ?

೧೯೯೬ರ ಮಾತು. ಹುಬ್ಬಳ್ಳಿಯ ‘ವಾರದ ಗಾಳಿ’ ಪತ್ರಿಕೆಯ ಕಚೇರಿಯೆಂದರೆ ಒಂದು ಮೇಜು, ಒಂದು ಫೋನು, ಹೆಸರಿಗೆ ವಿರುದ್ಧವಾಗಿ ಗಾಳಿಯನ್ನೇ ಬೀಸದ ಒಂದು ಫ್ಯಾನು. ಸಂಪಾದಕ ಬಾಳಕೃಷ್ಣರಾಯರು ಧಾರವಾಡದವರು. ಸಿಟ್ಟು ಬಂದರೂ ಕನ್ನಡಕ ಒರೆಸಿಕೊಂಡೇ ಬೈಯುವವರು. ಎದುರಿಗೆ ಕುಳಿತ ಹನಮೇಶ ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಕಾರಕೂನ. ‘ವಜ್ರಬಾಹು’ ಎಂಬ ಹೆಸರಿನಲ್ಲಿ ವಾರಕ್ಕೊಂದು ಕಂತು ಗೂಢಚಾರ ಧಾರಾವಾಹಿ ಬರೆಯುತ್ತಾನೆ. ನಾಲ್ಕು ಗಂಟೆಗೆ ಪುಟ ಮಶೀನಿಗೆ ಹೋಗಬೇಕು. ಈಗ ಮೂರಾಗಿದೆ.

ಬಾಳಕೃಷ್ಣ: ಮದಲಿನ ಇಪ್ಪತ್ತ ಕಂತಿನ್ಯಾಗ ಹುಲಿ ಇದ್ದಂಗ ಇದ್ದ. ವಿಮಾನದಿಂದ ಜಿಗದ, ಮೊಸಳಿ ಜೋಡಿ ಕುಸ್ತಿ ಹಿಡದ. ವೈರಿ ದೇಶದವರು ಇವನ ಹೆಂಡ್ತಿ ಸುನಯನಾನ್ನ ಜೈಲಿಗೆ ಹಾಕಿದ್ದ ತಡಾ, ಗಡ್ಡಾ ಬಿಟ್ಟಾನ. ಪಿಸ್ತೂಲು ಎಲ್ಲೋ ಇಟ್ಟು ಮರತಾನ. ಹೋದ ವಾರ ಚಹಾದಾಗ ಉಪ್ಪು ಹಾಕ್ಕೊಂಡು ಕುಡದಾನ!

ಹನಮೇಶ: ಸಕ್ಕರಿ ಡಬ್ಬಿ ಎಲ್ಲಿಟ್ಟಾಳ ಅನ್ನೂದು ಅವಂಗ ಗೊತ್ತಿಲ್ರಿ.

ಬಾಳಕೃಷ್ಣ: ವೈರಿಗಳ ಬಾಂಬು ಹುಡುಕಿದಾಂವಗ ಸಕ್ಕರಿ ಡಬ್ಬಿ ಸಿಗೂದಿಲ್ಲೇನೋ?

ಹನಮೇಶ: ಬಾಂಬು ಅಡಗಿ ಮನ್ಯಾಗ ಇದ್ದಿದ್ದಿಲ್ಲಲ್ರಿ.

ಬಾಳಕೃಷ್ಣ: ನೋಡ ಹನಮೇಶ, ನಾಲ್ಕರೊಳಗ ಅವ ಕಣ್ಣು ಒರಸ್ಕೊಂಡು, ಜೈಲು ಒಡದು, ಹೆಂಡ್ತೀನ್ನ ತರಬೇಕು. ಇಲ್ಲಂದ್ರ ನಿನ್ನ ಧಾರಾವಾಹಿ ಬಂದ್. ಆ ಪುಟಕ್ಕ ಶಶಿಕಾಂತನ ರಾಶಿಫಲ ಹಾಕ್ತೇನಿ.

ಹನಮೇಶ: ಯಪ್ಪಾ, ಹಂಗ ಮಾಡಬ್ಯಾಡ್ರಿ! ಆದ್ರ ತರಾಕ ಬರಂಗಿಲ್ರಿ. ಐದ ತಿಂಗಳ ತುಂಬೂತನಾ ಬಿಡಂಗಿಲ್ಲಂತ ಜೈಲರ್ ಕಾಳಿಂಗಿ ಖಡಾಖಡಿ ಹೇಳ್ಯಾಳ.

ಬಾಳಕೃಷ್ಣ: ಐದ ತಿಂಗಳಾ? ಇದ್ಯಾವ ದೇಶದ ಕಾನೂನು?

ರಾಯರಿಗೆ ಸಂಶಯ ಬಂತು. ಮೇಜಿನ ಖಾನೆಯಿಂದ ಒಂದು ಕಾರ್ಡು ತೆಗೆದರು. ಧಾರವಾಡದ ನಿವೃತ್ತ ನರ್ಸ್ ಅಕ್ಕವ್ವ ಬರೆದದ್ದು.

ಬಾಳಕೃಷ್ಣ: ಓದ್ತೇನಿ, ಕೇಳು. ‘ಮಾನ್ಯರೆ, ಸುನಯನಾ ಇರುವ ಜೈಲಿನಲ್ಲಿ ದಿನಾಲು ಎಣ್ಣೆ ಹಚ್ಚಿ ಬಿಸಿನೀರು ಎರೆಯುತ್ತಾರೆ. ಲೋಬಾನದ ಹೊಗೆ ಹಾಕುತ್ತಾರೆ. ಕಿವಿಯಲ್ಲಿ ಹತ್ತಿ ಇಟ್ಟು ತಲೆಗೆ ಅರಿವೆ ಕಟ್ಟುತ್ತಾರೆ. ಹೊರಸಿನ ಕೆಳಗೆ ಕೆಂಡ ಇಡುತ್ತಾರೆ. ಎರಡೂ ಹೊತ್ತು ಸಬ್ಬಸಗಿ ಪಲ್ಯ, ನಡುವೆ ಅಂಟಿನುಂಡಿ. ನಲವತ್ತು ವರ್ಷ ಹೆರಿಗೆ ಮಾಡಿಸಿದ ಅನುಭವದಿಂದ ಕೇಳುತ್ತೇನೆ, ಕೂಸು ಗಂಡೋ ಹೆಣ್ಣೋ?’

ಹನಮೇಶ ತಲೆ ತಗ್ಗಿಸಿದ.

ಹನಮೇಶ: ಹೆಣ್ಣರಿ.

ಬಾಳಕೃಷ್ಣ: ಏನಂದಿ?

ಹನಮೇಶ: ಸೃಷ್ಟಿ ಅಂತ ಹೆಸರಿಟ್ಟೇವ್ರಿ. ಮೂರ ತಿಂಗಳಾತು. ನಮ್ಮಾಕಿ ವಿದ್ಯಾ ಬಾಣಂತನಕ್ಕ ತವರಮನ್ಯಾಗ ಅದಾಳ್ರಿ. ಬೈರಿದೇವರಕೊಪ್ಪದಾಗ.

ಬಾಳಕೃಷ್ಣ: ಬೈರಿದೇವರಕೊಪ್ಪ! ಅಮರಗೋಳದಾಗ ಸೀನಿದ್ರ ಅಲ್ಲೆ ಕೇಳಸ್ತದಲ್ಲೋ! ಅದನ್ನ ಹಿಮದ ಗುಡ್ಡದಾಚೆ ವೈರಿ ದೇಶಾ ಮಾಡಿ ಇಟ್ಟೀಯಾ?

ಹನಮೇಶ: ದೂರ ಇಲ್ರಿ. ಆದ್ರ ಗಡಿ ಭಾಳ ಬಿಗಿ ಐತ್ರಿ. ರವಿವಾರಕ್ಕೊಮ್ಮೆ ಹೋಗತೇನಿ. ಅಳಿಯಾ ಬಂದಾನಂತ ಕಟ್ಟಿ ಮ್ಯಾಲ ಕುಂಡ್ರಸತಾರ. ಒಂದ ಪ್ಲೇಟ ಚೂಡಾ, ಒಂದ ಕಪ್ಪ ಚಹಾ. ಕೂಸಿನ್ನ ಐದ ನಿಮಿಷ ತೋರಿಸಿ, ದೃಷ್ಟಿ ಆಗತೈತಿ ಅಂತ ಅತ್ತಿ ಒಳಗ ಒಯ್ತಾರ. ವಿದ್ಯಾನ ಬಳಿ ಸಪ್ಪಳ ಅಷ್ಟ ಕೇಳತೈತಿ. ನಾ ‘ಬರತೇನ್ರಿ’ ಅಂತ ಎದ್ದ ಬರತೇನಿ.

ಬಾಳಕೃಷ್ಣ: ಮತ್ತ ಅದಕ್ಕ ನನ್ನ ಪತ್ರಿಕಾ ಯಾಕ ತೋಯಿಸ್ತೀಯೋ?

ಹನಮೇಶ: ಹೋದ ವಾರ ಕೂಸು ಮದಲನೇ ಸಲ ಕೇಕಿ ಹಾಕಿ ನಕ್ಕಿತಂತ್ರಿ. ನನಗ ಹೇಳಿದ್ದ ಯಾರ? ಅವರ ಓಣ್ಯಾಗ ಇರೂ ಸಿಟಿ ಬಸ್ಸಿನ ಕಂಡಕ್ಟರ್ ಖಾಜಾಸಾಬ. ನನ್ನ ಮಗಳು ನಕ್ಕ ಸುದ್ದಿ ನನಗ ಟಿಕೀಟಿನ ಜೋಡಿ ಬಂತ್ರಿ ರಾಯರ. ಅವತ್ತ ಜಯಂಧರ ಕಂಬಾ ತಬ್ಬಿಕೊಂಡ.

ರಾಯರು ಬೈಯಲು ಬಾಯಿ ತೆರೆದವರು ಕನ್ನಡಕ ಒರೆಸತೊಡಗಿದರು. ಅವರಿಗೂ ಇಬ್ಬರು ಹೆಣ್ಣುಮಕ್ಕಳು.

ಹನಮೇಶ: ವಿದ್ಯಾ ವಾರಾ ತಪ್ಪದ ಓದತಾಳ್ರಿ. ಜಯಂಧರ ಬರದ ಪತ್ರ ಎಲ್ಲಾ ಅಕಿಗೇನ. ಯಾರಿಗೂ ತಿಳಿಯಂಗಿಲ್ಲ. ಗುಪ್ತ ಸಂದೇಶ!

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳವಾಯಿತು. ಹನಮೇಶ ಬಾಗಿಲ ಕಡೆ ಇಣುಕಿ ನೋಡಿದವನೇ ಬಿಳಿಚಿಕೊಂಡ.

ಹನಮೇಶ: ಸತ್ತೆ! ನಮ್ಮ ಅತ್ತಿ!

ಮೊಸಳೆಯೊಂದಿಗೆ ಕುಸ್ತಿ ಹಿಡಿಸಿದ ವಜ್ರಬಾಹು ಹಳೆಯ ಪತ್ರಿಕೆಗಳ ರಾಶಿಯ ಹಿಂದೆ ಕುಕ್ಕುರುಗಾಲಿನಲ್ಲಿ ಅಡಗಿದ. ಒಂದು ಕೈಯಲ್ಲಿ ಸ್ಟೀಲಿನ ಡಬ್ಬಿ, ಇನ್ನೊಂದರಲ್ಲಿ ಸುರುಳಿ ಸುತ್ತಿದ ‘ವಾರದ ಗಾಳಿ’ ಹಿಡಿದು ಬೀರವ್ವ ಒಳಗೆ ಬಂದಳು.

ಬೀರವ್ವ: ವಜ್ರಬಾಹು ಅನ್ನಾಂವ ಯಾರ್ರಿ ಇಲ್ಲಿ?

ಬಾಳಕೃಷ್ಣ: ಬರ್ರಿ ಅಕ್ಕಾರ, ಕೂಡ್ರಿ. ಅವ್ರು… ಬೆಂಗಳೂರಾಗಿರ್ತಾರ. ಏನರೆ ತಪ್ಪಾಗ್ಯದೇನು?

ಬೀರವ್ವ: ಎಂಥಾ ತಪ್ಪರಿ! ವಾರಾ ನನ್ನ ಮಗಳಿಗೆ ನಾನ ಇದನ್ನ ಓದಿ ಹೇಳತೇನಿ. ಬಾಣಂತಿ ಕಣ್ಣಿಗೆ ತ್ರಾಸ ಕೊಡಬಾರದು ನೋಡ್ರಿ.

ರಾಶಿಯ ಹಿಂದೆ ಯಾರೋ ಕೆಮ್ಮಿದಂತಾಯಿತು.

ಬಾಳಕೃಷ್ಣ: ನೀವ ಓದ್ತೀರಿ? ಆ ಪತ್ರಗಳನ್ನೂ?

ಬೀರವ್ವ: ಒಂದೂ ಬಿಟ್ಟಿಲ್ಲ. ‘ಸುನಯನಾ, ನೀನಿಲ್ಲದ ಹಾಸಿಗೆ ಮಂಜುಗಡ್ಡೆಯಂತಿದೆ’ ಅಂತ ಇತ್ತಲ್ಲ, ಅದನ್ನ ಎರಡ ಸಲ ಓದಿದೆ. ನನ್ನ ಮಗಳು ಕೌದಿ ಮುಸಕ ಹಾಕ್ಕೊಂಡು ನಕ್ಕಿದ್ದ ನಕ್ಕಿದ್ದು.

ಪತ್ರಿಕೆಗಳ ರಾಶಿ ಗಡಗಡ ಅಲುಗಿತು.

ಬಾಳಕೃಷ್ಣ: ಇಲಿ ಭಾಳ ಆಗ್ಯಾವ್ರಿ ಅಕ್ಕಾರ.

ಬೀರವ್ವ: ಇಲಿಗೆ ಹವಾಯಿ ಚಪ್ಪಲ್ ಯಾರ ಕೊಡಿಸ್ಯಾರ್ರಿ? ಇರ್ಲಿ ಬಿಡ್ರಿ. ನೋಡ್ರಿ, ಈ ಜೈಲರ್ ಅಂಟಿನುಂಡಿಗೆ ಸಕ್ಕರಿ ಹಾಕ್ತಾಳಂತ ಬರದಾನ. ಯಾರರ ಸಕ್ಕರಿ ಹಾಕ್ತಾರೇನು? ಬೆಲ್ಲಾ! ಮ್ಯಾಲ ಒಣಕೊಬ್ರಿ, ಉತ್ತತ್ತಿ, ತುಪ್ಪಾ. ಇಕಾ, ತಿಂದ ನೋಡ್ರಿ. ಹಿಂಗಿರತೈತಿ ಖರೇ ಜೈಲಿನ ಊಟಾ.

ರಾಯರು ಒಂದು ಉಂಡೆ ಬಾಯಿಗಿಟ್ಟರು. ಇನ್ನೊಂದಕ್ಕೆ ಕೈ ಹಾಕಿದರು.

ಬೀರವ್ವ: ಜೈಲರ್ ಮಾತು ಹಾಳಾಗಿ ಹೋಗ್ಲಿ. ಅಕಿ ಕೆಟ್ಟಾಕಿ ಅಂದ್ರ ಕೆಟ್ಟಾಕಿ. ಆದ್ರ ಈ ಜಯಂಧರ ಎಂಥಾ ಗಂಡ್ಸರಿ? ಏಳ ಭಾಷಾ ಬರತಾವಂತ. ಎಂಥಾ ಕೀಲಿನೂ ತಗೀತಾನಂತ. ಹನ್ನೊಂದ ವಾರ ಆತು, ಜೈಲರ್ ಮುಂದ ನಿಂತು ‘ನನ್ನ ಹೇಂತಿನ್ನ ಕಳಸ್ರಿ’ ಅಂತ ಒಂದ ಭಾಷಾದಾಗರ ಕೇಳ್ಯಾನೇನು?

ಬಾಳಕೃಷ್ಣ: ಕೇಳಿದ್ರ ಬಿಡ್ತಾಳೇನ್ರಿ ಅಕಿ?

ಬೀರವ್ವ: ಬಿಡಲಿಲ್ಲಂದ್ರ ಆಮ್ಯಾಲ ಅಳಲಿ! ಅಕಿಗೂ ಜೀವ ಐತಲ್ರಿ. ಮಗಳ ಮಾರಿ ನೋಡಿದ್ರ ಕಳಸಬೇಕನಸತೈತಿ. ಆದ್ರ ಗಂಡಗ ಬೇಕಾಗೇತೋ ಇಲ್ಲೋ ಅನ್ನೂದು ಅಕಿಗೆ ಹೆಂಗ ತಿಳೀಬೇಕು? ವಾರಾ ಬಂದು, ಕಟ್ಟಿ ಮ್ಯಾಲ ಕುಂತು, ಚೂಡಾ ತಿಂದು, ‘ಬರತೇನ್ರಿ’ ಅಂತ ಎದ್ದ ಹೋದ್ರ?

ರಾಯರ ಕೈಯಲ್ಲಿನ ಉಂಡೆ ಅಲ್ಲೇ ನಿಂತಿತು. ಜಯಂಧರನ ಕಥೆಯಲ್ಲಿ ಚೂಡಾದ ಸುದ್ದಿ ಎಲ್ಲಿಯೂ ಇರಲಿಲ್ಲ. ರಾಶಿಯ ಹಿಂದಿನಿಂದ ಹನಮೇಶ ನಿಧಾನವಾಗಿ ಎದ್ದ; ತಲೆಯ ತುಂಬ ಧೂಳು.

ಬೀರವ್ವ: ಓಹೋ, ಅಳಿಯಂದ್ರ! ಬೆಂಗಳೂರಿಂದ ಯಾವಾಗ ಬಂದ್ರಿ?

ಹನಮೇಶ: ಅತ್ತಿ… ವಿದ್ಯಾನ್ನ ಕಳಸ್ರಿ. ಕೂಸಿನ್ನ ಕಳಸ್ರಿ. ಅವರಿಲ್ದ ಮನ್ಯಾಗ ನನಗ ಇರಾಕ ಆಗವಲ್ದು. ಸೃಷ್ಟಿ ನಗೂದನ್ನ ನಾ ನೋಡಬೇಕ್ರಿ.

ಬೀರವ್ವ ಸೆರಗಿನಿಂದ ಅವನ ತಲೆಯ ಧೂಳು ಕೊಡವಿದಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಬೀರವ್ವ: ಇಷ್ಟ ಮಾತಿಗೆ ಹನ್ನೊಂದ ವಾರ ಬೇಕಾತೇನು ಯಪ್ಪಾ? ಬರೂ ಸೋಮವಾರ ದಿನಾ ಛಲೋ ಐತಿ. ಬಂದ ಕರಕೊಂಡ ಹೋಗ್ರಿ.

ಹನಮೇಶ: ಖರೇನ ಅತ್ತಿ?

ಬೀರವ್ವ: ಖರೇ. ಆದ್ರ ಕೂಸಿಗೆ ಎರಿಯಾಕ ನಿಮಗ ಬರತೈತೇನು?

ಹನಮೇಶ: ಇಲ್ರಿ.

ಬೀರವ್ವ: ಹೊಗಿ ಹಾಕಾಕ?

ಹನಮೇಶ: ಇಲ್ರಿ.

ಬೀರವ್ವ: ಹಂಗಾರ ನಾನೂ ಬರತೇನಿ. ಎರಡ ತಿಂಗಳ. ಹೊರಸು, ಕೆಂಡದ ಬುಟ್ಟಿ ಎಲ್ಲಾ ತಗೊಂಡ.

ಅವಳು ಡಬ್ಬಿಯನ್ನು ಅಲ್ಲಿಯೇ ಬಿಟ್ಟು ಮೆಟ್ಟಿಲಿಳಿದಳು. ಹನಮೇಶ ಮೇಜಿಗೆ ಬಗ್ಗಿ ಬರೆಯತೊಡಗಿದ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಹಾಳೆ ಕೊಟ್ಟ.

ಬಾಳಕೃಷ್ಣ: ‘ಜೈಲಿನ ಬಾಗಿಲು ತೆರೆಯಿತು. ಸುನಯನಾ ಹೊರಗೆ ಬಂದಳು. ಅವಳ ಹಿಂದೆಯೇ ಟ್ರಂಕು ಹಿಡಿದು ಜೈಲರ್ ಕಾಳಿಂಗಿಯೂ ಬಂದಳು.’ ಶಾಬಾಸ್! ಶಶಿಕಾಂತಗ ರಾಶಿಫಲ ಬ್ಯಾಡಂತ ಫೋನ್ ಮಾಡ್ತೇನಿ. ಆದ್ರ ಇನ್ನ ಮುಂದ ಜಯಂಧರ ಏನ ಮಾಡ್ತಾನೋ?

ಹನಮೇಶ: ಜೈಲರ್ ಹೇಳಿದ್ದ ಮಾಡತಾನ್ರಿ. ಸಬ್ಬಸಗಿ ಸೋಸೂದು, ನೀರ ಕಾಸೂದು.

ಬಾಳಕೃಷ್ಣ: ಮತ್ತ ಅಳ್ತಾನೇನು?

ಹನಮೇಶ: ಉಳ್ಳಾಗಡ್ಡಿ ಹೆಚ್ಚೂ ಮುಂದ ಅಷ್ಟರಿ.